ಹೆಸರು ಒಂದೇ ಆದರೆ ಮನುಷ್ಯ ಒಬ್ಬನೇನಾ?

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಹದಿನಾಲ್ಕು ವರ್ಷದಿಂದ ಅಮೆರಿಕದ ಒಹಾಯೊದಲ್ಲಿದ್ದೇನೆ. ಗಂಡ ಇಲ್ಲಿಯವರೇ, ಚಿಲಿಕಾಥಿ ಹತ್ತಿರದ ಹಳೇ ರೈತ ಮನೆತನ. ಸರ್‌ನೇಮ್ ಬರೆಯುವುದು ಬೇಡ, ಕಸುಬಿನಿಂದ ಬಂದ ತೀರಾ ಸಾಮಾನ್ಯ ಇಂಗ್ಲಿಷ್ ಹೆಸರು. ಇಂಗ್ಲೆಂಡಿನಿಂದ ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು, ಒಬ್ಬ ವರ್ಜೀನಿಯಾದಲ್ಲಿ ನಿಂತ, ಒಬ್ಬ ಉತ್ತರಕ್ಕೆ ಹೋದ, ಇನ್ನೊಬ್ಬನ ಸುದ್ದಿಯೇ ಇಲ್ಲ ಅಂತ ಅತ್ತೆ ಹೇಳುತ್ತಾರೆ. ಮನೆತನದ ಲಾಂಛನಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಇಂಟರ್‌ನೆಟ್‌ನಲ್ಲಿ ಯಾರೋ ಮಾಡಿದ ವಂಶವೃಕ್ಷ ಸಿಕ್ಕಿತು. ಅದು ನಮ್ಮವರನ್ನು 1635ರಲ್ಲಿ ಲಂಡನ್ನಿನಿಂದ ಹೊರಟ ಒಬ್ಬನಿಗೆ ಸೇರಿಸಿ, ಅಲ್ಲಿಂದ ನೈಟ್ ಅನ್ನುವ ಬಿರುದಿದ್ದ ಒಬ್ಬ ಸರದಾರನಿಗೆ, ಅಲ್ಲಿಂದ ಸೀದಾ ಷಾರ್ಲಮೇನ್ ಚಕ್ರವರ್ತಿಗೆ ಕೂಡಿಸಿದೆ. ಅದರಲ್ಲೇ ಒಂದು ಜೋಡಿಯ ಮದುವೆ 1701ರ ಮೇ ತಿಂಗಳು, ಮೊದಲ ಮಗು 1701ರ ಫೆಬ್ರವರಿ ಅಂತಿದೆ, ಅತ್ತೆಗೆ ಅದೊಂದು ಮುಜುಗರ. ಮನೆಯಲ್ಲಿ ಹಳೇ ಬೈಬಲ್ ಇದೆ, 1768ರಿಂದ ಹುಟ್ಟು-ಸಾವು ಬರೆದಿದ್ದಾರೆ. ಮಗನಿಗೆ ಹನ್ನೊಂದು ವರ್ಷ. ನನ್ನ ತವರಿನ ಆರು ತಲೆಮಾರು ಅವನಿಗೆ ಬಾಯಿಪಾಠ, ಅಪ್ಪನ ಕಡೆಯದ್ದೂ ಸರಿಯಾಗಿ ಕೊಡಬೇಕು ಅಂತ ನನ್ನಾಸೆ. ಮುಂಗಡ ಕೊಟ್ಟರೆ ಇಂಗ್ಲೆಂಡಿನ ಊರು ಹುಡುಕಿಕೊಡುವುದು ಗ್ಯಾರಂಟಿ ಅಂತ ಒಂದು ಕಡೆಯವರು ಹೇಳುತ್ತಿದ್ದಾರೆ. ಕೊಡಲಾ? ಡಿಎನ್‌ಎ ಟೆಸ್ಟ್ ಮಾಡಿಸಲಾ? ಇದರಲ್ಲಿ ನಿಜ ಎಷ್ಟು?

ಉತ್ತರ: ಮೊದಲು ಆ ಮುಂಗಡ ಕೊಡಬೇಡಿ. ಉಳಿದದ್ದು ನಿಧಾನವಾಗಿ ನೋಡೋಣ.

ಹದಿನೆಂಟು ವರ್ಷದಿಂದ ವಂಶ ಹುಡುಕುವ ಇದೇ ಕೆಲಸ ಮಾಡುತ್ತಿದ್ದೇನೆ, ನಿಮ್ಮಂಥ ಪ್ರಶ್ನೆ ತಿಂಗಳಿಗೆ ಎರಡಾದರೂ ಬರುತ್ತದೆ. ಸೊಸೆಯಾಗಿ ಬಂದವರೇ ಜಾಸ್ತಿ ಕೇಳುತ್ತಾರೆ, ಯಾಕೋ ಗೊತ್ತಿಲ್ಲ. ನಿಮ್ಮ ಚಿಂತೆ ನನಗೆ ಅರ್ಥವಾಗಿದ್ದು ಇಷ್ಟು: ಮನೆಯಲ್ಲಿ ಹೇಳುವ ಕತೆ ಒಂದು, ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಇನ್ನೊಂದು, ಎರಡರಲ್ಲಿ ಯಾವುದನ್ನು ನಂಬಿ ಮಗನಿಗೆ ಹೇಳಲಿ ಅನ್ನುವುದು. ಸದ್ಯಕ್ಕೆ ಎರಡನ್ನೂ ಹೇಳಬೇಡಿ. ನಿಮ್ಮ ಕೈಯಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ಇದೆ, ಅದು ಆ ಬೈಬಲ್. ಕೊನೆಯಲ್ಲಿ ಅದಕ್ಕೇ ಬರುತ್ತೇನೆ.

ಮೂವರು ಅಣ್ಣತಮ್ಮಂದಿರ ಕತೆ ನಿಮ್ಮ ಅತ್ತೆಯವರದ್ದು ಮಾತ್ರ ಅಲ್ಲ, ಅಮೆರಿಕದ ಅರ್ಧ ಮನೆಗಳಲ್ಲಿ ಇದೆ. ಮೂವರೇ ಯಾಕೆ, ಐವರು ಯಾಕಲ್ಲ ಅಂತ ಯಾರೂ ಕೇಳುವುದಿಲ್ಲ. ಒಂದೇ ಸರ್‌ನೇಮ್‌ನ ಮನೆಗಳು ವರ್ಜೀನಿಯಾದಲ್ಲೂ ಮ್ಯಾಸಚೂಸೆಟ್ಸ್‌ನಲ್ಲೂ ಕಂಡವು, ಜನ ಅದಕ್ಕೊಂದು ಕಾರಣ ಕಟ್ಟಿದರು, ಅಷ್ಟೇ. ಕಸುಬಿನ ಹೆಸರು ಅಂದರೆ ಇಂಗ್ಲೆಂಡಿನ ಊರೂರಿಗೂ ಒಬ್ಬ ಬಡಗಿ, ಒಬ್ಬ ದರ್ಜಿ, ಒಬ್ಬ ಕಮ್ಮಾರ ಇದ್ದ. ಅವರ ಮಕ್ಕಳೆಲ್ಲ ಆ ಹೆಸರು ಹೊತ್ತುಕೊಂಡರು. ಅವರು ಒಬ್ಬರಿಗೊಬ್ಬರು ನೆಂಟರಾಗಬೇಕಿಲ್ಲ. ಕತೆ ಪೂರ್ತಿ ಸುಳ್ಳು ಅಂತಲೂ ಹೇಳುವುದಿಲ್ಲ, ನಿಜವಾಗಿ ಅಣ್ಣತಮ್ಮಂದಿರು ಜೊತೆಗೆ ಬಂದ ಮನೆತನಗಳಿವೆ. ಆದರೆ ಅದನ್ನು ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ.

ಲಾಂಛನದ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ಮನುಷ್ಯನಿಗೆ, ಅವನ ನೇರ ಸಂತಾನಕ್ಕೆ. ಸರ್‌ನೇಮ್‌ಗೆ ಅಲ್ಲ. ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ 1484ರಿಂದ ಇದರ ಲೆಕ್ಕ ಇಡುತ್ತಿದೆ. ಮಾಲ್‌ನಲ್ಲಿ ಹೆಸರು ಹೇಳಿದರೆ ಐದು ನಿಮಿಷಕ್ಕೆ ಪ್ರಿಂಟ್ ಹಾಕಿಕೊಡುವುದು ಬರೀ ಅಲಂಕಾರ. ಗೋಡೆ ಮೇಲೆ ಚೆಂದ ಕಾಣುತ್ತಿದ್ದರೆ ಇರಲಿ ಬಿಡಿ, ಅತ್ತೆಯವರ ಹತ್ತಿರ ಜಗಳ ಯಾಕೆ.

ಷಾರ್ಲಮೇನ್ ವಿಷಯ ತಮಾಷೆಯದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1024 ಪೂರ್ವಜರ ಜಾಗ ಇರುತ್ತದೆ. ಷಾರ್ಲಮೇನ್ ಸತ್ತದ್ದು 814ರಲ್ಲಿ. ಈ ಲೆಕ್ಕ ಅಲ್ಲಿವರೆಗೆ ಹಿಗ್ಗಿಸಿದರೆ ಯುರೋಪ್ ಮೂಲದ ಬಹುಪಾಲು ಜನ ಹೇಗೋ ಅವನ ವಂಶದವರೇ. ಹಾಗಾಗಿ ನಿಮ್ಮ ಮಗನೂ ಇದ್ದಾನು. ಆದರೆ ಯಾವ ದಾರಿಯಲ್ಲಿ ಅಂತ ಒಂದೊಂದು ಕೊಂಡಿಯನ್ನೂ ಕಾಗದ ಇಟ್ಟು ತೋರಿಸುವುದು ಬೇರೆ ಮಾತು. ಅಮೆರಿಕದ ಶ್ರೀಮಂತರಿಗೆ ನೂರು ವರ್ಷದ ಹಿಂದೆಯೇ ಈ ಹುಚ್ಚು ಹಿಡಿದಿತ್ತು. ಗುಸ್ತಾವ್ ಅಂಜೂ ಅನ್ನುವ ಸ್ವೀಡನ್ ಮೂಲದ ಒಬ್ಬ ಅವರಿಗೆ ಬೇಕಾದ ಹಾಗೆ ವಂಶಾವಳಿ ಮಾಡಿ ಮಾರಿದ. ನಿಜವಾದ ದಾಖಲೆಗಳ ಮಧ್ಯೆ ಇಲ್ಲದ ಉಯಿಲು, ಇಲ್ಲದ ಚರ್ಚ್ ನಮೂದು ತುರುಕುತ್ತಿದ್ದ. ಅವನು 1942ರಲ್ಲಿ ಸತ್ತ, ಅವನು ಮಾಡಿದ ವಂಶವೃಕ್ಷಗಳು ಮಾತ್ರ ಇನ್ನೂ ಕಾಪಿ ಆಗುತ್ತಲೇ ಇವೆ.

1701ರ ಮಗು? ಅತ್ತೆಗೆ ಹೇಳಿ, ಮುಜುಗರ ಬೇಡವೇ ಬೇಡ. ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ನಮ್ಮ ಯುಗಾದಿ ಆಸುಪಾಸಿಗೆ. ಅಂದರೆ 1701ರ ಮೇ ಮೊದಲು ಬಂತು, 1701ರ ಫೆಬ್ರವರಿ ಆಮೇಲೆ, ವರ್ಷದ ಕೊನೆಗೆ ಬಂತು. ನಾವೀಗ ಅದನ್ನು 1702 ಅಂತೀವಿ. ಬೆರಳಲ್ಲಿ ಎಣಿಸಿ, ಒಂಬತ್ತು ತಿಂಗಳು. 1752ರಲ್ಲಿ ಕ್ಯಾಲೆಂಡರ್ ಬದಲಾಯಿತು, ಆ ವರ್ಷ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ಅದಕ್ಕೆ ಮುಂಚಿನ ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಖು ಕಂಡಾಗಲೆಲ್ಲ 1701/02 ಅಂತ ಎರಡೂ ವರ್ಷ ಬರೆದುಕೊಳ್ಳಿ. ಇದು ಗೊತ್ತಿಲ್ಲದೆ ಮರ ಮಾಡಿದವನು ಬೇರೆ ಏನೇನು ತಪ್ಪು ಮಾಡಿರಬಹುದು ಅಂತಲೂ ಯೋಚಿಸಿ.

ಈಗ ನಿಜವಾದ ಗಂಟಿಗೆ ಬರೋಣ. 1635ರ ಆ ಲಂಡನ್ ಮನುಷ್ಯ.

ಆ ಕಾಲದಲ್ಲಿ ಅಮೆರಿಕಕ್ಕೆ ಹೋದವರ ಹೆಸರನ್ನೆಲ್ಲ ಬರೆದಿಡಬೇಕು ಅನ್ನುವ ಕಾನೂನು ಅಮೆರಿಕದ ಕಡೆ ಇರಲೇ ಇಲ್ಲ. ಹಡಗಿನವರು ಪ್ರಯಾಣಿಕರ ಪಟ್ಟಿ ಕೊಡಲೇಬೇಕು ಅಂತ ಆದದ್ದು 1819ರ ಕಾನೂನಿನಿಂದ, ಪಟ್ಟಿಗಳು ಶುರುವಾಗುವುದು 1820ಕ್ಕೆ. 1607ರಲ್ಲಿ ವರ್ಜೀನಿಯಾದಲ್ಲಿ ಇಂಗ್ಲಿಷರ ನೆಲೆ ಜೇಮ್ಸ್‌ಟೌನ್ ಆದಾಗಿನಿಂದ ಅಲ್ಲಿವರೆಗೆ ಇನ್ನೂರು ವರ್ಷದ ಮೇಲಾಯಿತು, ಅಷ್ಟೂ ಕಾಲದ ಜನರಲ್ಲಿ ಬಹಳ ಮಂದಿಯ ಹೆಸರು ಯಾವ ಹಡಗಿನ ಪಟ್ಟಿಯಲ್ಲೂ ಇಲ್ಲ. ಅಪರೂಪಕ್ಕೆ ಉಳಿದದ್ದು 1635ರ ಲಂಡನ್ ಬಂದರಿನ ಪಟ್ಟಿ. ಹೆಸರು, ವಯಸ್ಸು ಎರಡೂ ಇದೆ. 1874ರಲ್ಲೇ ಅಚ್ಚಾಗಿ ಎಲ್ಲರ ಕೈಗೂ ಸಿಕ್ಕಿತು. ಸಿಕ್ಕಿದ್ದೇ ತಡ, ಎಲ್ಲರ ಮುತ್ತಜ್ಜನೂ 1635ರಲ್ಲೇ ಲಂಡನ್ನಿನಿಂದಲೇ ಹೊರಟ! ಕೀಲಿ ಕಳೆದದ್ದು ಹಿತ್ತಲಲ್ಲಿ, ಹುಡುಕುವುದು ಬೀದಿ ದೀಪದ ಕೆಳಗೆ. ನಿಮ್ಮ ಮರ 1740ರ ಸುಮಾರಿನ ವರ್ಜೀನಿಯಾದವನಿಂದ ಈ ಪಟ್ಟಿಗೆ ಹಾರಿದೆಯಾ ನೋಡಿ. ಹಾರಿದ್ದರೆ ನಡುವಿನ ನೂರು ವರ್ಷದಲ್ಲಿ ಏನೂ ಇಲ್ಲ ಅಂತಲೇ ಅರ್ಥ.

ವರ್ಜೀನಿಯಾದ್ದು ಇನ್ನೊಂದು ಸಿಕ್ಕು. ಅಲ್ಲಿ 1618ರಿಂದ ಹೆಡ್‌ರೈಟ್ ಅಂತ ಒಂದು ಪದ್ಧತಿ. ಒಬ್ಬ ಮನುಷ್ಯನನ್ನು ಕರೆತಂದರೆ ಐವತ್ತು ಎಕರೆ. ಬಂದವರಲ್ಲಿ ಬಹುಪಾಲು ಜನ ಕೂಲಿ ಕರಾರಿನವರು, ಹಡಗಿನ ಖರ್ಚು ತೀರಿಸಲು ನಾಲ್ಕರಿಂದ ಏಳು ವರ್ಷ ದುಡಿಯಬೇಕು. ಐವತ್ತು ಎಕರೆ ಹೋಗುತ್ತಿದ್ದದ್ದು ಅವರಿಗಲ್ಲ, ಖರ್ಚು ಹಾಕಿದವನಿಗೆ. ಆ ಹಕ್ಕನ್ನು ಮಾರಬಹುದಿತ್ತು, ಕೂಡಿಟ್ಟು ವರ್ಷಗಳ ಮೇಲೆ ಜಮೀನು ಪಡೆಯಬಹುದಿತ್ತು. ಒಬ್ಬನದೇ ಹೆಸರಿಗೆ ಕ್ಯಾಪ್ಟನ್ ಒಮ್ಮೆ, ವ್ಯಾಪಾರಿ ಒಮ್ಮೆ ಹಕ್ಕು ಕೇಳಿದ್ದೂ ಉಂಟು. ಹಾಗಾಗಿ ಜಮೀನು ಪತ್ರದಲ್ಲಿ ನಿಮ್ಮವರ ಹೆಸರು 1654 ಅಂತ ಕಂಡರೆ 1654ರಲ್ಲಿ ಬಂದ ಅಂತಲ್ಲ, ಅಷ್ಟರೊಳಗೆ ಬಂದಿದ್ದ ಅಂತ ಮಾತ್ರ. ಊರು, ಅಪ್ಪನ ಹೆಸರು, ವಯಸ್ಸು ಏನೂ ಇರುವುದಿಲ್ಲ. ಇನ್ನು 1718ರ ಕಾನೂನಾದ ಮೇಲೆ ಸುಮಾರು 50,000 ಕೈದಿಗಳನ್ನು ಅಮೆರಿಕಕ್ಕೆ ಸಾಗಿಸಿದರು, ಹೆಚ್ಚಿನವರು ಮೇರಿಲ್ಯಾಂಡ್ ಮತ್ತು ವರ್ಜೀನಿಯಾಕ್ಕೆ. ನೈಟ್ ಹುಡುಕಲು ಹೋಗಿ ಕರವಸ್ತ್ರ ಕದ್ದವನು ಸಿಕ್ಕರೆ ಬೇಸರ ಮಾಡಬೇಡಿ. ನನ್ನನ್ನು ಕೇಳಿದರೆ ಕಳ್ಳನೇ ವಾಸಿ, ಕೋರ್ಟು ಅವನ ಬಗ್ಗೆ ನಾಲ್ಕು ಸಾಲಾದರೂ ಬರೆದಿರುತ್ತದೆ.

ಹಾಗಾದರೆ ಸಮುದ್ರ ದಾಟುವುದು ಹೇಗೆ? ಜಾರ್ಜ್ ವಾಷಿಂಗ್ಟನ್ ಕತೆ ಕೇಳಿ. 1790ರ ದಶಕದ ಆರಂಭದಲ್ಲಿ ಐಸಾಕ್ ಹರ್ಡ್ ಅನ್ನುವ ಇಂಗ್ಲೆಂಡಿನ ಲಾಂಛನಾಧಿಕಾರಿ ಅವರಿಗೆ ಕಾಗದ ಬರೆದು ನಿಮ್ಮ ಮೂಲ ಯಾವುದು ಅಂತ ಕೇಳಿದರು. ವಾಷಿಂಗ್ಟನ್ ಈ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. 1792ರ ಉತ್ತರದಲ್ಲಿ, ಇಂಗ್ಲೆಂಡಿನ ಉತ್ತರದ ಕಡೆಯಿಂದ ಬಂದವರು ಅಂತ ಹಿರಿಯರು ಹೇಳುತ್ತಿದ್ದರು, ಲ್ಯಾಂಕಶೈರೋ ಯಾರ್ಕ್‌ಶೈರೋ ಸರಿಯಾಗಿ ನೆನಪಿಲ್ಲ ಅಂದರು. ನಿಮ್ಮ ಅತ್ತೆಯವರ ಮಾತಿನ ಹಾಗೇ ಅಲ್ವಾ? ಹರ್ಡ್ ಹೆಸರು ಹೊಂದಿಸಿ ಸಲ್‌ಗ್ರೇವ್ ಊರಿನ ವಾಷಿಂಗ್ಟನ್ ಮನೆಯಲ್ಲಿ ಜಾನ್, ಲಾರೆನ್ಸ್ ಅನ್ನುವ ಅಣ್ಣತಮ್ಮಂದಿರನ್ನು ಹಿಡಿದರು. ವರ್ಜೀನಿಯಾಕ್ಕೆ ಬಂದವರೂ ಜಾನ್ ಮತ್ತು ಲಾರೆನ್ಸ್. ಮುಗೀತು, ಎಪ್ಪತ್ತು ವರ್ಷ ಎಲ್ಲರೂ ಅದನ್ನೇ ನಂಬಿದರು. 1866ರಲ್ಲಿ ಜೋಸೆಫ್ ಚೆಸ್ಟರ್ ಅನ್ನುವ ವಂಶ ಸಂಶೋಧಕರು ಕಾಗದ ತೆಗೆದು ತೋರಿಸಿದರು: ಹರ್ಡ್ ಹಿಡಿದ ಆ ಜಾನ್ ನೈಟ್ ಪದವಿ ಪಡೆದು ಇಂಗ್ಲೆಂಡಿನಲ್ಲೇ ಇದ್ದವನು. ಆ ಲಾರೆನ್ಸ್ ಎಸೆಕ್ಸ್‌ನ ಪರ್ಲಿ ಅನ್ನುವ ಊರಿನ ಪಾದ್ರಿ. ಇಬ್ಬರೂ ಹಡಗು ಹತ್ತಿದವರಲ್ಲ.

ಸರಿಯಾದ ಉತ್ತರ ಸಿಕ್ಕಿದ್ದು 1889ರಲ್ಲಿ, ಹೆನ್ರಿ ವಾಟರ್ಸ್ ಅನ್ನುವವರಿಗೆ, ಅದೂ ವಾಷಿಂಗ್ಟನ್ ಅಲ್ಲದ ಒಬ್ಬನ ಉಯಿಲಿನ ಮೂಲಕ. ಹರ್ಟ್‌ಫರ್ಡ್‌ಶೈರಿನ ಟ್ರಿಂಗ್ ಊರಿನ ಆಂಡ್ರ್ಯೂ ನೋಲಿಂಗ್ ಅನ್ನುವವನು ತನ್ನ ಉಯಿಲಿನಲ್ಲಿ ಆಂಫಿಲಿಸ್ ವಾಷಿಂಗ್ಟನ್ ಅನ್ನುವ ಹೆಂಗಸಿಗೂ ಅವಳ ಮಕ್ಕಳಿಗೂ ಹಣ, ಆಸ್ತಿ ಬಿಟ್ಟಿದ್ದ. ಅವಳನ್ನು ಅವನು ಡಾಟರ್-ಇನ್-ಲಾ ಅಂದಿದ್ದಾನೆ. ನಾವು ಸೊಸೆ ಅಂದುಕೊಂಡರೆ ಕೆಟ್ಟೆವು, ಆ ಕಾಲದಲ್ಲಿ ಹೆಂಡತಿಯ ಮೊದಲ ಮದುವೆಯ ಮಗಳಿಗೂ ಅದೇ ಮಾತು. ಈ ಆಂಫಿಲಿಸ್ ಪರ್ಲಿಯ ಅದೇ ಪಾದ್ರಿಯ ಹೆಂಡತಿ. ಅವಳು ಸತ್ತ ಮೇಲೆ ಆಸ್ತಿ ವಿಲೇವಾರಿಯ ಅಧಿಕಾರ ಮಗ ಜಾನ್‌ಗೆ ಸಿಕ್ಕಿತು, ಅದಾಗಿ ಸ್ವಲ್ಪ ದಿನಕ್ಕೇ ವರ್ಜೀನಿಯಾದಲ್ಲಿ ಒಬ್ಬ ಜಾನ್ ಕಾಣಿಸಿಕೊಂಡ. ನೋಲಿಂಗ್ ಉಯಿಲಿನ ಮಕ್ಕಳಲ್ಲಿ ಒಬ್ಬಳು ಮಾರ್ತಾ. ವರ್ಜೀನಿಯಾದ ಜಾನ್ 1675ರಲ್ಲಿ ಬರೆದ ಉಯಿಲಿನಲ್ಲಿ ತಂಗಿ ಮಾರ್ತಾಳಿಗೆ ಇಂಗ್ಲೆಂಡಿನಲ್ಲಿರುವ ತನ್ನ ದುಡ್ಡಿನಿಂದ ಹತ್ತು ಪೌಂಡ್ ಕೊಡಿ, ಈ ಕಡೆ ಬಂದರೆ ಒಂದು ವರ್ಷ ಇರಲು ವ್ಯವಸ್ಥೆ ಮಾಡಿ ಅಂದಿದ್ದಾನೆ. ಹೆಸರಿಗೆ ಹೆಸರು ಹೊಂದಿದ್ದು ಮಾತ್ರ ಅಲ್ಲ ಇದು. ಅಣ್ಣ, ತಮ್ಮ, ತಂಗಿ, ಕಾಲ, ಆಸ್ತಿ ಎಲ್ಲ ಸಮುದ್ರದ ಎರಡೂ ಕಡೆ ಒಂದೇ ಆಕಾರದಲ್ಲಿ ಕೂತಿತು. ಹರ್ಡ್ ಯಾರನ್ನು ವಲಸೆ ಬಂದವನು ಅಂದುಕೊಂಡರೋ ಆ ಪಾದ್ರಿ ಲಾರೆನ್ಸ್ ನಿಜಕ್ಕೂ ಬಂದವರ ಅಪ್ಪ! ಕೂದಲೆಳೆಯಲ್ಲಿ ತಪ್ಪಿತ್ತು. ಜಾರ್ಜ್ ವಾಷಿಂಗ್ಟನ್ ಮುತ್ತಜ್ಜನ ವಿಷಯಕ್ಕೇ ನೂರು ವರ್ಷ ಬೇಕಾಯಿತು. ನಿಮಗೆ ಗ್ಯಾರಂಟಿ ಕೊಟ್ಟವರು ಎಷ್ಟು ವಾರದಲ್ಲಿ ಮಾಡಿಕೊಡುತ್ತಾರಂತೆ?

ನಾನೂ ಜಾರಿದ್ದೇನೆ. ಶುರುವಿನ ವರ್ಷಗಳಲ್ಲಿ ಒಂದು ಮನೆತನಕ್ಕೆ ಇಂಗ್ಲೆಂಡಿನ ಸಫೊಕ್ ಕಡೆಯ ಚರ್ಚಿನಲ್ಲಿ ಬ್ಯಾಪ್ಟಿಸಂ ಹುಡುಕಿದೆ, ಹೆಸರು ಸರಿ, ವರ್ಷ ಸರಿ. ಎಂಟು ತಿಂಗಳು ಅವನ ಅಪ್ಪ, ಅಜ್ಜ ಅಂತ ಹಿಂದೆ ಹಿಂದೆ ಹೋದೆ. ಒಂದು ದಿನ ಸುಮ್ನೆ ಅದೇ ಪುಸ್ತಕದ ಸಾವಿನ ಪುಟ ತಿರುವಿದರೆ, ನಮ್ಮ ವಲಸೆಗಾರ ನಾಲ್ಕನೇ ವಯಸ್ಸಿಗೇ ಸತ್ತು ಅಲ್ಲೇ ಮಣ್ಣಾಗಿದ್ದ. ಅವತ್ತಿನಿಂದ ಹುಟ್ಟು ಸಿಕ್ಕ ಕೂಡಲೇ ಮೊದಲು ಸಾವು ಹುಡುಕುತ್ತೇನೆ.

ಇಂಗ್ಲೆಂಡಿನ ಚರ್ಚ್ ಪುಸ್ತಕಗಳು 1538ರಿಂದ ಇವೆ, ಅದು ದೊಡ್ಡ ಪುಣ್ಯ. ಆದರೆ ಎಷ್ಟೋ ಊರಲ್ಲಿ ಮೊದಲ ಪುಸ್ತಕ ಉಳಿದಿಲ್ಲ, 1640ರ ದಶಕದ ಒಳಯುದ್ಧದಿಂದ 1660ರವರೆಗೆ ತೂತುಗಳೇ ತೂತು. ಉಳಿದದ್ದರಲ್ಲೂ ಜಾನ್, ವಿಲಿಯಂ, ಥಾಮಸ್ ಇಷ್ಟೇ ಹೆಸರು. ನಮ್ಮೂರಲ್ಲಿ ಬಸವರಾಜ ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡಿದ ಹಾಗೆ. ಅದಕ್ಕೇ ನಾನು ಹೇಳುವುದು ಇಂಗ್ಲೆಂಡಿನಿಂದ ಶುರು ಮಾಡಬೇಡಿ ಅಂತ. ದಾರಿ ಇರುವುದು ಒಹಾಯೊದಿಂದ ಹಿಂದಕ್ಕೆ.

ನಿಮ್ಮ ಊರೇ ಒಂದು ಸುಳಿವು. ಸಯೋಟೊ ಮತ್ತು ಲಿಟಲ್ ಮಯಾಮಿ ಹೊಳೆಗಳ ನಡುವಿನ ನೆಲವನ್ನು ವರ್ಜೀನಿಯಾ ತನ್ನ ಸ್ವಾತಂತ್ರ್ಯ ಯುದ್ಧದ ಸಿಪಾಯಿಗಳಿಗೆ ಕೊಡಲು ಇಟ್ಟುಕೊಂಡಿತ್ತು. ಚಿಲಿಕಾಥಿ ಕಡೆ ವರ್ಜೀನಿಯಾದವರು ಜಾಸ್ತಿ ಇರುವುದು ಅದಕ್ಕೇ. 1850ರ ಜನಗಣತಿಯಲ್ಲಿ ಮನೆಯ ಎಲ್ಲರ ಹೆಸರು, ಹುಟ್ಟಿದ ರಾಜ್ಯ ಇದೆ. ಅದಕ್ಕೆ ಮುಂಚಿನದರಲ್ಲಿ ಯಜಮಾನನ ಹೆಸರು ಮಾತ್ರ. ಒಹಾಯೊದ 1800 ಮತ್ತು 1810ರದ್ದು ಹೆಚ್ಚುಕಮ್ಮಿ ಪೂರ್ತಿ ಕಳೆದುಹೋಗಿದೆ, ಅಲ್ಲಿ ತಲೆ ಚಚ್ಚಿಕೊಳ್ಳಬೇಡಿ. ಆ ಜಾಗಕ್ಕೆ ಯುದ್ಧದ ಪಿಂಚಣಿ ಕಡತ ನೋಡಿ. 1832ರ ಕಾನೂನಿನ ಪ್ರಕಾರ ಮುದುಕ ಸಿಪಾಯಿಗಳು ಕೋರ್ಟಿಗೆ ಬಂದು ಎಲ್ಲಿ ಹುಟ್ಟಿದೆ, ಎಲ್ಲಿಂದ ಸೈನ್ಯ ಸೇರಿದೆ, ಆಮೇಲೆ ಎಲ್ಲೆಲ್ಲಿ ಇದ್ದೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ವಿಧವೆಯರು ಮದುವೆಯ ಪುರಾವೆಗೆ ಅಂತ ಬೈಬಲ್ ಪುಟವನ್ನೇ ಹರಿದು ಕಳಿಸಿದ್ದಾರೆ, ಆ ಪುಟಗಳು ಇವತ್ತೂ ಕಡತದಲ್ಲಿವೆ.

ಅಲ್ಲಿಂದ ವರ್ಜೀನಿಯಾದ ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಕೆಲವು ಕೌಂಟಿಗಳ ದಾಖಲೆ ಸುಟ್ಟಿವೆ. ಅಂತರ್ಯುದ್ಧದ ಕಾಲದಲ್ಲಿ ಭದ್ರವಾಗಿರಲಿ ಅಂತ ರಾಜಧಾನಿ ರಿಚ್‌ಮಂಡ್‌ಗೆ ಕಳಿಸಿದವು 1865ರ ಏಪ್ರಿಲ್‌ನಲ್ಲಿ ಆ ಊರಿನ ಜೊತೆಗೇ ಬೂದಿಯಾದವು. 1782ರಿಂದ ಶುರುವಾಗುವ ತೆರಿಗೆ ಪಟ್ಟಿಗಳು ಆಗ ಕೈ ಹಿಡಿಯುತ್ತವೆ, ಅವು ಸುಟ್ಟ ಕೌಂಟಿಗಳಿಗೂ ಉಳಿದಿವೆ. ಎಲ್ಲಕ್ಕಿಂತ ಒಳ್ಳೆಯದು ಆಸ್ತಿ ಜಗಳ. ಲೈಬ್ರರಿ ಆಫ್ ವರ್ಜೀನಿಯಾ ಹಳೇ ಚಾನ್ಸರಿ ಕೋರ್ಟಿನ ವ್ಯಾಜ್ಯಗಳನ್ನು ಇಂಟರ್‌ನೆಟ್‌ಗೆ ಹಾಕಿದೆ. ಪಾಲು ಕೇಳಲು ಬಂದವನು ಅಪ್ಪ ಯಾರು, ಚಿಕ್ಕಪ್ಪ ಯಾರು, ಯಾವ ಅಕ್ಕ ಎಲ್ಲಿ ಮದುವೆಯಾಗಿ ಹೋದಳು ಎಲ್ಲ ಹೇಳಲೇಬೇಕು. ಪ್ರೀತಿಯಿಂದ ಬಾಳಿದ ಮನೆಗಳು ನಮಗೆ ಏನನ್ನೂ ಬಿಟ್ಟು ಹೋಗುವುದಿಲ್ಲ. ಇನ್ನೊಂದು, ಆ ಕಾಲದ ಉಯಿಲುಗಳಲ್ಲಿ ಹಾಸಿಗೆ, ಕುದುರೆಯ ಜೊತೆಗೆ ಗುಲಾಮರ ಹೆಸರೂ ಬರಬಹುದು. ಬಂದರೆ ಓದಿ ಮುಂದೆ ಹೋಗಬೇಡಿ, ಎಲ್ಲ ಹೆಸರು ಬರೆದಿಟ್ಟುಕೊಳ್ಳಿ. ಅವರ ಮೊಮ್ಮಕ್ಕಳು ಹುಡುಕುತ್ತಿದ್ದರೆ ಅವರಿಗೆ ಆ ಒಂದು ಸಾಲೇ ಎಲ್ಲ. ಮಗನಿಗೂ ಮುಚ್ಚಿಡಬೇಡಿ.

ಜನ ಊರು ಬದಲಿಸಿದ ಕಡೆಯೇ ದಾರ ಕಡಿಯುವುದು. ಅಬ್ರಹಾಂ ಲಿಂಕನ್‌ಗೂ ಹಾಗೇ ಆಗಿತ್ತು. ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದವರು ಅನ್ನುವಷ್ಟೇ ಅವರಿಗೆ ಗೊತ್ತಿದ್ದದ್ದು. ಮ್ಯಾಸಚೂಸೆಟ್ಸ್‌ನ ಲಿಂಕನ್‌ಗಳಿಗೆ ಸೇರಿಸಲು ನೋಡಿದರೆ ಎರಡೂ ಕಡೆ ಮೊರ್ಡೆಕೈ, ಈನಕ್, ಸಾಲೊಮನ್ ಅನ್ನುವ ಹೆಸರುಗಳ ಹೋಲಿಕೆ ಬಿಟ್ಟು ಏನೂ ಸಿಗಲಿಲ್ಲ ಅಂತ 1859ರಲ್ಲಿ ಅವರೇ ಬರೆದಿದ್ದಾರೆ. ಆ ಹೋಲಿಕೆ ಸರಿಯಾದ ಸುಳಿವೇ ಆಗಿತ್ತು. ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್ 1637ರಲ್ಲಿ ಇಂಗ್ಲೆಂಡಿನ ನಾರ್ಫೊಕ್‌ನ ಹಿಂಗಮ್ ಕಡೆಯಿಂದ ಬಂದ ನೇಕಾರ ಹುಡುಗ ಅಂತ ಆಮೇಲೆ ತೀರ್ಮಾನವಾಯಿತು. ಅವನು ನೆಲೆನಿಂತ ಮ್ಯಾಸಚೂಸೆಟ್ಸ್ ಊರಿನ ಹೆಸರೂ ಹಿಂಗಮ್ಮೇ. ಇಂಗ್ಲೆಂಡಿನ ಒಂದೇ ಊರಿನವರು ಗುಂಪಾಗಿ ಬಂದು ಒಂದೇ ಕಡೆ ಕೂತಿದ್ದರು, ಅಲ್ಲಿನ ಗುಮಾಸ್ತ ಡೇನಿಯಲ್ ಕುಶಿಂಗ್ ಅವರ ಪಟ್ಟಿಯನ್ನೂ ಬರೆದಿಟ್ಟಿದ್ದ. ಅದಕ್ಕೇ ನಿಮ್ಮವನೊಬ್ಬನನ್ನೇ ಹುಡುಕಬೇಡಿ. ಅಕ್ಕಪಕ್ಕದ ಹೊಲದವನು, ಉಯಿಲಿಗೆ ಸಾಕ್ಷಿ ಹಾಕಿದವನು, ಹೆಂಡತಿಯ ತವರಿನವರು, ಇವರಲ್ಲಿ ಯಾರ ಇಂಗ್ಲೆಂಡ್ ಊರು ಗೊತ್ತೋ ಆ ಊರಲ್ಲಿ ನಿಮ್ಮವರನ್ನು ನೋಡಿ. ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತು ಹೊಡಕೊಂಡು ಮನೆ ಬಾಗಿಲಿಗೆ ಬಂದು ವಂಶ ಓದುತ್ತಾರಲ್ಲ, ಇಲ್ಲಿ ಆ ಕೆಲಸ ಸಾಕ್ಷಿ ಹಾಕಿದವರು ಮಾಡುತ್ತಾರೆ.

ಡಿಎನ್‌ಎ ಬಗ್ಗೆ. ಉಗುಳು ಕಳಿಸಿ ಇಷ್ಟು ಪರ್ಸೆಂಟ್ ಇಂಗ್ಲಿಷ್ ಅಂತ ತಿಳಿಯುವ ಮಾಮೂಲಿ ಟೆಸ್ಟು ಈ ಪ್ರಶ್ನೆಗೆ ಸಾಲದು. ಹತ್ತು ತಲೆಮಾರಿನ ಹಿಂದಿನ ಎಷ್ಟೋ ಪೂರ್ವಜರ ಡಿಎನ್‌ಎ ಚೂರೂ ನಮ್ಮಲ್ಲಿ ಉಳಿದಿರುವುದಿಲ್ಲ. ಕೆಲಸಕ್ಕೆ ಬರುವುದು ವೈ-ಡಿಎನ್‌ಎ, ಅಪ್ಪನಿಂದ ಮಗನಿಗೆ ಹೋಗುವುದು, ಸರ್‌ನೇಮ್ ಹೋದ ದಾರಿಯಲ್ಲೇ. ಅದು ನಿಮ್ಮ ಗಂಡನೋ ಮೈದುನನೋ ಕೊಡಬೇಕು. ಅದೇ ಸರ್‌ನೇಮ್‌ನ ಬೇರೆ ಮನೆತನದ ಗಂಡಸರ ಜೊತೆ ಹೋಲಿಸಿದರೆ ಮೂವರು ಅಣ್ಣತಮ್ಮಂದಿರ ಕತೆ ಅಲ್ಲೇ ಇತ್ಯರ್ಥವಾಗಬಹುದು. ಆದರೆ ಅದು ಇವರಿಬ್ಬರ ಮೂಲ ಒಂದೇ ಅನ್ನುತ್ತದೆ, ಯಾರು ಆ ಮೂಲಪುರುಷ ಅಂತ ಹೇಳುವುದಿಲ್ಲ, ಅದಕ್ಕೆ ಮತ್ತೆ ಕಾಗದವೇ ಬೇಕು. ಅಪಾಯವೂ ಇದೆ. ನಡುವೆ ಎಲ್ಲೋ ದತ್ತು, ಮದುವೆಯಾಚೆಯ ಮಗು ಇದ್ದರೆ ಬಯಲಾಗುತ್ತದೆ, ಅದು ಇನ್ನೂರು ವರ್ಷದ ಹಿಂದಿನದ್ದಾದರೆ ಸರಿ, ಅತ್ತೆಮಾವನ ಕಾಲದ್ದಾದರೆ? ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. 2023ರಲ್ಲಿ ಒಂದು ದೊಡ್ಡ ಕಂಪನಿಯಿಂದ ಲಕ್ಷಾಂತರ ಜನರ ಮಾಹಿತಿ ಸೋರಿದ್ದೂ ನೆನಪಿರಲಿ. ಮಗನ ಉಗುಳು ಮಾತ್ರ ಕಳಿಸಬೇಡಿ, ದೊಡ್ಡವನಾದ ಮೇಲೆ ಅವನೇ ತೀರ್ಮಾನ ಮಾಡಲಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಆಮೇಲೆ ಮಾಡಿ. ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟ್ ಪುಕ್ಕಟೆ, 1768ರವರೆಗೆ ನೀವೇ ಹೋಗಬಹುದು, ವರ್ಷ ಹಿಡಿಯಬಹುದು ಅಷ್ಟೇ. ಅಲ್ಲಿರುವ ಜನ ಕಟ್ಟಿದ ಮರಗಳನ್ನು ನಂಬಬೇಡಿ, ಮೂಲ ಪುಟಗಳ ಫೋಟೋ ನೋಡಿ. ವರ್ಜೀನಿಯಾದಲ್ಲಿ ಸಿಕ್ಕಿಹಾಕಿಕೊಂಡಾಗ ಅಲ್ಲಿನ ಕೌಂಟಿ ಬಲ್ಲ ಒಬ್ಬರನ್ನು ಹತ್ತೋ ಇಪ್ಪತ್ತೋ ಗಂಟೆಗೆ ಹಿಡಿಯಿರಿ. ಏನೇನು ನೋಡಿದರು, ಎಲ್ಲಿ ಸಿಗಲಿಲ್ಲ ಅಂತ ಬರೆದುಕೊಡಬೇಕು. ಸಿಗಲಿಲ್ಲ ಅನ್ನುವುದಕ್ಕೂ ದುಡ್ಡು ಕೊಡಬೇಕಾಗುತ್ತದೆ, ಅದು ಮೋಸ ಅಲ್ಲ. ಊರು ಸಿಗುವುದು ಗ್ಯಾರಂಟಿ ಅನ್ನುವುದೇ ಮೋಸ. ವಸಾಹತು ಕಾಲದ ವರ್ಜೀನಿಯಾದವರಲ್ಲಿ ಎಷ್ಟೋ ಮನೆಗಳಿಗೆ ಇಂಗ್ಲೆಂಡಿನ ಊರು ಸಿಗುವುದೇ ಇಲ್ಲ, ನಿಮ್ಮದೂ ಆ ಪೈಕಿ ಇರಬಹುದು.

ಈಗ ಬೈಬಲ್. ಈ ಶನಿವಾರ ಮಗನನ್ನು ಕೂರಿಸಿಕೊಂಡು ತೆಗೆಯಿರಿ. ಮೊದಲು ಹುಟ್ಟು-ಸಾವಿನ ಪುಟ ಅಲ್ಲ, ಶೀರ್ಷಿಕೆ ಪುಟ. ಹಳೆಯ ಒಡಂಬಡಿಕೆಯ ಮುಂದೆ ಒಂದು, ಹೊಸ ಒಡಂಬಡಿಕೆಯ ಮುಂದೆ ಇನ್ನೊಂದು ಇರುತ್ತದೆ, ಒಂದು ಹರಿದಿದ್ದರೆ ಇನ್ನೊಂದು ನೋಡಿ. ಅಚ್ಚಾದ ವರ್ಷ 1816 ಅಂತಿದ್ದರೆ 1768ರ ಹುಟ್ಟನ್ನು ಆಗಲೇ ಬರೆದದ್ದಲ್ಲ, ನೆನಪಿನಿಂದಲೋ ಹಳೇ ಪುಸ್ತಕದಿಂದಲೋ ಆಮೇಲೆ ಇಳಿಸಿದ್ದು. ಆಮೇಲೆ ಅಕ್ಷರ ನೋಡಿ. ಹತ್ತು ಮಕ್ಕಳ ಹೆಸರು ಒಂದೇ ಕೈ, ಒಂದೇ ಶಾಯಿ ಆಗಿದ್ದರೆ ಒಂದೇ ದಿನ ಕೂತು ಬರೆದದ್ದು. ಶಾಯಿ ಬದಲಾಗುತ್ತಾ, ಕೈ ನಡುಗುತ್ತಾ ಹೋಗಿದ್ದರೆ ಆಗಾಗ ಬರೆದದ್ದು, ಅದಕ್ಕೆ ಬೆಲೆ ಜಾಸ್ತಿ. ಪುಟಗಳ ನಡುವೆ ಚೀಟಿ, ಒಣಗಿದ ಎಲೆ ಏನೇ ಇದ್ದರೂ ಯಾವ ಪುಟದಲ್ಲಿತ್ತು ಅಂತ ಬರೆದು ಅಲ್ಲೇ ಇಡಿ. ಟೇಪ್ ಅಂಟಿಸಬೇಡಿ. ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದು, ಅಚ್ಚಾದ ವರ್ಷ ಯಾವುದು ಅಂತ ನನಗೊಂದು ಸಾಲು ಬರೆಯಿರಿ.